ಸ್ವಂತ ಬಾವಿಯ ನೀರು: ಕಾಣುವ ದೋಷ, ಕಾಣದ ದೋಷ

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ನಲ್ಲಿ ನೀರಿನ ಪರೀಕ್ಷೆ, ಊರ ಟ್ಯಾಂಕಿನ ಶುಚಿತ್ವ, ಒಡೆದ ಪೈಪುಗಳ ಬಗ್ಗೆ ಚರ್ಚೆ ಏಳುತ್ತದೆ. ಸಾರ್ವಜನಿಕ ನೀರಿಗೆ ಪಂಚಾಯಿತಿಯೋ ನಗರಸಭೆಯೋ ಹೊಣೆ. ಆದರೆ ಮನೆಯ ಹಿತ್ತಲಲ್ಲಿ ತೋಡಿಸಿದ ಬಾವಿಗೆ, ಸೈಟಿನ ಮೂಲೆಯಲ್ಲಿ ಕೊರೆಸಿದ ಕೊಳವೆಬಾವಿಗೆ ಮನೆಯವರನ್ನು ಬಿಟ್ಟು ಬೇರೆ ಹೊಣೆಗಾರರಿಲ್ಲ. ಅದರ ನೀರನ್ನು ಯಾರೂ ತಾವಾಗಿ ಬಂದು ಪರೀಕ್ಷಿಸುವುದಿಲ್ಲ, ಕೆಟ್ಟರೆ ಯಾರೂ ಬಂದು ಎಚ್ಚರಿಸುವುದೂ ಇಲ್ಲ. ಆದ್ದರಿಂದ ನೀರು ತೋರುವ ಗುರುತುಗಳನ್ನು ಓದಲು ಕಲಿಯುವುದು ಬಾವಿ ಇರುವ ಪ್ರತಿಯೊಂದು ಮನೆಗೂ ಅಗತ್ಯ. ಅದಕ್ಕಿಂತ ಹೆಚ್ಚು ಅಗತ್ಯವಾದದ್ದು, ಯಾವ ದೋಷಗಳು ಯಾವ ಗುರುತನ್ನೂ ತೋರುವುದಿಲ್ಲ ಎಂಬುದನ್ನು ತಿಳಿದಿರುವುದು.

ನೀರಿಗೆ ದೋಷ ಬರುವ ಎರಡು ದಾರಿಗಳು

ಮಳೆಯ ನೀರು ನೆಲಕ್ಕೆ ಇಂಗಿ, ಮಣ್ಣಿನ ಪದರಗಳನ್ನು ದಾಟಿ, ಬಂಡೆಯ ಬಿರುಕುಗಳಲ್ಲಿ ಸೇರಿಕೊಂಡದ್ದೇ ಅಂತರ್ಜಲ. ಈ ಪಯಣದಲ್ಲಿ ಅದಕ್ಕೆ ಎರಡು ಬಗೆಯ ವಸ್ತುಗಳು ಸೇರುತ್ತವೆ. ಮೊದಲನೆಯದು ಕಲ್ಲುಮಣ್ಣಿನಿಂದಲೇ ಕರಗಿ ಬರುವ ಕ್ಯಾಲ್ಸಿಯಂ, ಕಬ್ಬಿಣ, ಫ್ಲೋರೈಡ್‌ನಂಥ ಲವಣಗಳು ಮತ್ತು ಲೋಹಗಳು. ನೀರು ಎಷ್ಟು ಆಳದಲ್ಲಿ, ಎಂಥ ಬಂಡೆಯ ನಡುವೆ, ಎಷ್ಟು ವರ್ಷ ನಿಂತಿತ್ತು ಎಂಬುದರ ಮೇಲೆ ಇವುಗಳ ಪ್ರಮಾಣ ನಿಲ್ಲುತ್ತದೆ. ಎರಡನೆಯದು ಮನುಷ್ಯರ ಬಳಕೆಯಿಂದ ಬರುವುದು: ಶೌಚಗುಂಡಿಯ ಸೋರಿಕೆ, ಕೊಟ್ಟಿಗೆಯ ಗಂಜಲ, ತಿಪ್ಪೆ, ಹೊಲ ತೋಟಗಳಿಗೆ ಹಾಕಿದ ಯೂರಿಯಾ, ಅಂಗಳದ ಕೊಚ್ಚೆ.

ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡಬೇಕು. ತೆರೆದ ಬಾವಿಯ ನೀರು ನೆಲದ ಮೇಲ್ಮಟ್ಟಕ್ಕೆ ಹತ್ತಿರವಿರುವುದರಿಂದ ಅದಕ್ಕೆ ರೋಗಾಣುಗಳ ಭಯ ಹೆಚ್ಚು, ಬಂಡೆಯ ಲವಣಗಳ ಭಯ ಸಾಮಾನ್ಯವಾಗಿ ಕಡಿಮೆ. ಆಳದ ಕೊಳವೆಬಾವಿಯಲ್ಲಿ ಬಹುಮಟ್ಟಿಗೆ ಇದು ತಿರುಗುಮುರುಗಾಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ರೋಗಾಣುಗಳೇ ಇರುವುದಿಲ್ಲ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಕೊಳವೆಬಾವಿಯ ಮೇಲ್ಭಾಗದಲ್ಲಿ ಮಣ್ಣು ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪಿನ ಸುತ್ತ ಸಂದು ಉಳಿದಿದ್ದರೆ, ಮೇಲಿನ ಕೊಳೆ ನೀರು ಅದರ ಗುಂಟ ನೇರವಾಗಿ ಕೆಳಗಿಳಿಯುತ್ತದೆ.

ಕಣ್ಣು, ಮೂಗು, ನಾಲಿಗೆ ಹೇಳುವುದು

ಕರಾವಳಿ ಮತ್ತು ಮಲೆನಾಡಿನ ಅನೇಕ ಬಾವಿಗಳಲ್ಲಿ ಎದುರಾಗುವುದು ಕಬ್ಬಿಣದ ತೊಂದರೆ. ಆಳದಲ್ಲಿ ಗಾಳಿ ತಾಗದೆ ಇರುವ ಕಬ್ಬಿಣ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಅದಕ್ಕಾಗಿಯೇ ಈಗಷ್ಟೇ ಎತ್ತಿದ ನೀರು ತಿಳಿಯಾಗಿ ಕಾಣುತ್ತದೆ. ಬಿಳಿ ಬಕೆಟ್ಟಿನಲ್ಲಿ ತುಂಬಿ ಕೆಲವು ಗಂಟೆ ಬಿಟ್ಟರೆ ಗಾಳಿಯ ಆಮ್ಲಜನಕ ಬೆರೆತು, ನೀರು ಮೊದಲು ಮಬ್ಬಾಗಿ, ಆಮೇಲೆ ಹಳದಿಗೆ ತಿರುಗಿ, ಕೊನೆಗೆ ತಳದಲ್ಲಿ ತುಕ್ಕಿನ ಬಣ್ಣದ ಗಷ್ಟು ಕೂರುತ್ತದೆ. ಚಹಾ ಕುದಿಸಿದಾಗ ಅದು ಸಾಮಾನ್ಯಕ್ಕಿಂತ ಕಪ್ಪಾಗುವುದು, ಬಿಳಿ ಬಟ್ಟೆ ಒಗೆದಷ್ಟೂ ಹಳದಿಯಾಗುವುದು, ಬಚ್ಚಲಿನ ನೆಲದಲ್ಲಿ ಕೆಂಪು ಕಲೆ ನಿಲ್ಲುವುದು ಇದೇ ಕಾರಣಕ್ಕೆ. ಎತ್ತಿದ ಕ್ಷಣದಲ್ಲೇ ನೀರು ಕೆಂಪಾಗಿದ್ದರೆ ಮಣ್ಣು ಬೆರೆತಿರಬಹುದು ಅಥವಾ ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದಿರಬಹುದು. ಹಾಗಾಗಿ ಬಣ್ಣ ಯಾವಾಗ ಬಂತು ಎಂಬುದನ್ನು ಗಮನಿಸುವುದು ಬಣ್ಣವನ್ನು ಗಮನಿಸುವಷ್ಟೇ ಮುಖ್ಯ.

ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪದರ ತೇಲುತ್ತಿದ್ದರೆ ಅನೇಕರು ಗಾಬರಿಯಾಗುತ್ತಾರೆ. ಒಂದು ಕೊಡದಲ್ಲಿ ಆ ನೀರನ್ನು ತೆಗೆದುಕೊಂಡು ಕಡ್ಡಿಯಿಂದ ಪದರವನ್ನು ಮೆಲ್ಲಗೆ ಕದಡಿ ನೋಡಬೇಕು. ಪದರ ಚೂರು ಚೂರಾಗಿ ಒಡೆದು ಹಾಗೆಯೇ ಉಳಿದರೆ, ಅದು ಕಬ್ಬಿಣವನ್ನು ಅವಲಂಬಿಸಿ ಬದುಕುವ ಬ್ಯಾಕ್ಟೀರಿಯಾಗಳ ಕೆಲಸ. ಅವು ಪೈಪಿನೊಳಗೆ ಕೆಂಪು ಲೋಳೆ ಕಟ್ಟಿ ತೊಂದರೆ ಕೊಡುತ್ತವೆಯಾದರೂ ಸಾಮಾನ್ಯವಾಗಿ ಕಾಯಿಲೆ ತರುವುದಿಲ್ಲ. ಕದಡಿದ ಪದರ ಸುರುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಡೀಸೆಲ್, ಪೆಟ್ರೋಲ್ ಅಥವಾ ಪಂಪಿನ ಎಣ್ಣೆ ಸೇರಿರುವ ಸಾಧ್ಯತೆ ಇದ್ದು, ಆ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದನ್ನು ಕೂಡಲೇ ನಿಲ್ಲಿಸಬೇಕು.

ಬಯಲುಸೀಮೆಯ ಕೊಳವೆಬಾವಿಗಳ ದೂರು ಬೇರೆ. ಅಲ್ಲಿ ನೀರು ಗಡಸು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿರುವ ಇಂಥ ನೀರಿನಲ್ಲಿ ಸೋಪು ನೊರೆ ಬಿಡುವುದಿಲ್ಲ, ತೊಗರಿಬೇಳೆ ಎಷ್ಟು ಹೊತ್ತು ಬೇಯಿಸಿದರೂ ಕರಗುವುದಿಲ್ಲ, ತೊಳೆದಿಟ್ಟ ಸ್ಟೀಲ್ ಲೋಟ ಒಣಗಿದ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ, ಸ್ನಾನದ ಹಂಡೆಯ ಒಳಗೆ ಸುಣ್ಣದಂಥ ಪದರ ಕಟ್ಟುತ್ತದೆ, ಗೀಸರ್ ಕಾಯಿಲ್ ಬೇಗ ಸುಟ್ಟುಹೋಗುತ್ತದೆ. ಇಷ್ಟೆಲ್ಲ ಕಿರಿಕಿರಿ ಕೊಡುವ ಗಡಸುತನ ಆರೋಗ್ಯದ ದೃಷ್ಟಿಯಿಂದ ದೊಡ್ಡ ಅಪಾಯವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಏಕೆಂದರೆ ಜನರು ಹಣ ಸುರಿಯುವುದು ಹೆಚ್ಚಾಗಿ ಇದನ್ನು ಸರಿಪಡಿಸುವುದಕ್ಕೆ, ನಿಜವಾಗಿ ಹಾನಿ ಮಾಡುವ ಅಂಶದ ಪರೀಕ್ಷೆಗಲ್ಲ.

ಮುರಕಲ್ಲಿನ ನೆಲದ ಬಾವಿಗಳಲ್ಲಿ ಇದಕ್ಕೆ ವಿರುದ್ಧವಾದ ಗುಣ ಕಾಣುತ್ತದೆ. ನೀರು ಮೆದುವಾಗಿದ್ದು ಕುಡಿಯಲು ಹಿತವಾಗಿರುತ್ತದೆ, ಆದರೆ ಹಲವೆಡೆ ಸ್ವಲ್ಪ ಆಮ್ಲೀಯವಾಗಿರುತ್ತದೆ. ಆಮ್ಲೀಯ ನೀರು ಲೋಹವನ್ನು ನಿಧಾನವಾಗಿ ಕೊರೆಯುತ್ತದೆ. ತಾಮ್ರದ ಕೊಡದಲ್ಲಿ, ಹಿತ್ತಾಳೆಯ ನಲ್ಲಿಯ ಕೆಳಗೆ ನೀಲಿ ಹಸಿರು ಕಲೆ ಕಂಡರೆ, ಬೆಳಗಿನ ಮೊದಲ ನೀರಿಗೆ ಲೋಹದ ರುಚಿ ಇದ್ದರೆ ಇದನ್ನು ಶಂಕಿಸಬೇಕು. ಅಂಥ ನೀರನ್ನು ರಾತ್ರಿಯಿಡೀ ತಾಮ್ರದ ಪಾತ್ರೆಯಲ್ಲಿಟ್ಟು ಕುಡಿಯುವುದು ಒಳ್ಳೆಯದಲ್ಲ.

ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ. ಅದು ಎಲ್ಲಿಂದ ಬರುತ್ತಿದೆ ಎಂದು ಮನೆಯಲ್ಲೇ ಪತ್ತೆ ಮಾಡಬಹುದು. ಬಿಸಿನೀರಿನಲ್ಲಿ ಮಾತ್ರ ವಾಸನೆ ಇದ್ದರೆ ದೋಷ ಗೀಸರ್‌ನೊಳಗಿದೆ. ನಲ್ಲಿ ತಿರುಗಿಸಿದ ಮೊದಲ ಒಂದೆರಡು ನಿಮಿಷ ಇದ್ದು ಆಮೇಲೆ ಹೋದರೆ ಪೈಪು ಅಥವಾ ಟ್ಯಾಂಕಿನಲ್ಲಿದೆ. ಎಷ್ಟು ಹೊತ್ತು ನೀರು ಬಿಟ್ಟರೂ ಹೋಗದಿದ್ದರೆ ಬಾವಿಯಲ್ಲೇ ಇದೆ. ಚರಂಡಿಯ ವಾಸನೆ ಅಥವಾ ಸೋಪಿನ ನೊರೆಯಂಥದ್ದು ಬಾವಿಯಲ್ಲಿ ಕಂಡರೆ ಕಾಯಬಾರದು. ಬಚ್ಚಲ ನೀರು ಬಾವಿಗೆ ಇಳಿಯುತ್ತಿದೆ ಎಂದರೆ ಶೌಚದ ನೀರೂ ಇಳಿಯುತ್ತಿರಬಹುದು.

ಈ ಎಲ್ಲ ಗುರುತುಗಳಿಗಿಂತ ಮಿಗಿಲಾದದ್ದು ಬದಲಾವಣೆ. ಇಪ್ಪತ್ತು ವರ್ಷಗಳಿಂದ ಒಂದೇ ರುಚಿ ಇದ್ದ ನೀರು ಈ ವರ್ಷ ಬೇರೆಯಾಗಿದ್ದರೆ, ಮಳೆ ಬಂದ ಮರುದಿನವೇ ಬಾವಿ ಕದಡುತ್ತಿದ್ದರೆ, ನೆಲದ ಮೇಲಿನ ನೀರು ಮಣ್ಣಿನಲ್ಲಿ ಸೋಸಿಕೊಳ್ಳದೆ ಒಳಗೆ ನುಗ್ಗುತ್ತಿದೆ ಎಂದು ತಿಳಿಯಬೇಕು.

ಕಡಲತೀರದ ಬಾವಿಗೆ ಉಪ್ಪು ಬರುವುದು ಹೇಗೆ

ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಕಡಲಂಚಿನ ಮನೆಗಳಲ್ಲಿ ಏಪ್ರಿಲ್ ಮೇ ತಿಂಗಳಿನಲ್ಲಿ ಬಾವಿ ನೀರು ಉಪ್ಪಾಗುವುದು ಪರಿಚಿತ ಸಂಗತಿ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದ್ದರಿಂದ ಕರಾವಳಿಯ ನೆಲದಡಿಯಲ್ಲಿ ಸಿಹಿನೀರಿನ ಪದರ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಮೀಟರ್‌ವರೆಗೆ ಸಿಹಿನೀರು ಇರುತ್ತದೆಂಬುದು ಭೂಜಲಶಾಸ್ತ್ರದ ಒಂದು ಸ್ಥೂಲ ಲೆಕ್ಕ. ಇದನ್ನೇ ತಿರುಗಿಸಿ ನೋಡಿದರೆ, ಪಂಪು ಹಚ್ಚಿ ಮೇಲಿನ ಮಟ್ಟವನ್ನು ಕೇವಲ ಅರ್ಧ ಮೀಟರ್ ಇಳಿಸಿದರೂ ಕಾಲಕ್ರಮದಲ್ಲಿ ಕೆಳಗಿನ ಉಪ್ಪುನೀರು 20 ಮೀಟರ್‌ನಷ್ಟು ಮೇಲೇರಲು ದಾರಿಯಾಗುತ್ತದೆ. ಉಪ್ಪು ಬಂತೆಂದು ಬಾವಿಯನ್ನು ಇನ್ನಷ್ಟು ಆಳಗೊಳಿಸುವುದು ಏಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ: ಆಳಕ್ಕಿಳಿದಷ್ಟೂ ಉಪ್ಪಿಗೆ ಹತ್ತಿರವಾಗುತ್ತೇವೆ. ಒಮ್ಮೆಗೇ ತುಂಬ ನೀರೆತ್ತದೆ ದಿನದಲ್ಲಿ ಹಲವು ಸಲ ಸ್ವಲ್ಪ ಸ್ವಲ್ಪವಾಗಿ ಎತ್ತುವುದು, ಮಳೆಗಾಲದಲ್ಲಿ ಸೋಸಿದ ಚಾವಣಿ ನೀರನ್ನು ನೆಲಕ್ಕೆ ಇಂಗಿಸುವುದು ಇದಕ್ಕಿರುವ ಸರಿಯಾದ ಉಪಾಯಗಳು.

ಯಾವ ಗುರುತೂ ಇಲ್ಲದ ದೋಷಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ಕೊಪ್ಪಳ, ಗದಗ, ರಾಯಚೂರು ಭಾಗಗಳಲ್ಲಿ ಫ್ಲೋರೈಡ್ ಹಳೆಯ ಶತ್ರು. ಅಲ್ಲಿನ ಗ್ರಾನೈಟ್ ಬಂಡೆಗಳ ಖನಿಜಗಳಲ್ಲಿ ಅದು ಅಡಗಿದೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚು ಕರಗುತ್ತದೆ. ಅಂತರ್ಜಲ ಕುಸಿದು ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ಹಳೆಯ ನೀರು ಮೇಲೆ ಬರತೊಡಗಿದ್ದು ತೊಂದರೆಯನ್ನು ಹೆಚ್ಚಿಸಿದೆ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗುರುತು ಕಾಣುವುದು ನೀರಿನಲ್ಲಲ್ಲ, ಮಕ್ಕಳ ಹಲ್ಲಿನಲ್ಲಿ. ಮೊದಲು ಸೀಮೆಸುಣ್ಣದ ಬಣ್ಣದ ಮಬ್ಬು ಗೆರೆಗಳು ಮೂಡಿ, ಆಮೇಲೆ ಅವು ಹಳದಿ ಕಂದು ಬಣ್ಣಕ್ಕೆ ತಿರುಗುತ್ತವೆ. ಎಡಬಲದ ಹಲ್ಲುಗಳಲ್ಲಿ ಒಂದೇ ಬಗೆಯಾಗಿ ಕಾಣುವ ಈ ಕಲೆ ಉಜ್ಜಿದರೆ ಹೋಗುವುದಿಲ್ಲ, ಏಕೆಂದರೆ ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿದ್ದಾಗಲೇ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅದು ಆಗಿಹೋಗಿರುತ್ತದೆ. ಹಾಗಾಗಿ ಹಲ್ಲು ನೋಡಿ ನೀರನ್ನು ಪರೀಕ್ಷಿಸಲು ಹೊರಡುವುದೆಂದರೆ ತಡವಾಗಿ ಹೊರಟಂತೆ. ವರ್ಷಗಟ್ಟಲೆ ಹೆಚ್ಚಿನ ಪ್ರಮಾಣ ಒಳಹೋದರೆ ಕೀಲುಗಳು ಬಿಗಿದು, ಬೆನ್ನು ಬಾಗಿಸಲಾಗದ ಸ್ಥಿತಿಯೂ ಬರುತ್ತದೆ.

ನೈಟ್ರೇಟ್ ಇನ್ನೊಂದು. ಶೌಚಗುಂಡಿ, ತಿಪ್ಪೆ, ರಸಗೊಬ್ಬರದಿಂದ ಬರುವ ಇದು ಆರು ತಿಂಗಳೊಳಗಿನ ಮಗುವಿಗೆ ಹೆಚ್ಚು ಅಪಾಯಕಾರಿ. ಬಾಟಲಿ ಹಾಲಿನ ಪುಡಿಯನ್ನು ಇಂಥ ನೀರಿನಲ್ಲಿ ಕಲಸಿ ಕೊಟ್ಟರೆ, ಮಗುವಿನ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿ ಕಳೆದುಕೊಂಡು ತುಟಿ, ಉಗುರು ನೀಲಿಗಟ್ಟುತ್ತವೆ. ಸುತ್ತಮುತ್ತ ಕೈಗಾರಿಕೆ ಇಲ್ಲದ ಕಡೆ ನೈಟ್ರೇಟ್ ಹೆಚ್ಚಿದೆ ಎಂದು ವರದಿ ಬಂದರೆ, ಮಲಮೂತ್ರವೋ ಗೊಬ್ಬರವೋ ಬಾವಿಗೆ ದಾರಿ ಮಾಡಿಕೊಂಡಿದೆ ಎಂಬ ಸುಳಿವೂ ಅದರಲ್ಲಿ ಸಿಗುತ್ತದೆ.

ರಾಯಚೂರಿನ ಹಟ್ಟಿ ಚಿನ್ನದ ಗಣಿಯ ಆಸುಪಾಸಿನಲ್ಲಿ ಮತ್ತು ಯಾದಗಿರಿ ಜಿಲ್ಲೆಯ ಕೆಲವೆಡೆ ಆರ್ಸೆನಿಕ್, ಪೂರ್ವ ಕರ್ನಾಟಕದ ಗ್ರಾನೈಟ್ ಪ್ರದೇಶದ ಕೆಲವು ಕೊಳವೆಬಾವಿಗಳಲ್ಲಿ ಯುರೇನಿಯಂ ಪತ್ತೆಯಾಗಿವೆ. ಇವುಗಳನ್ನೂ ನಾಲಿಗೆ ಗುರುತಿಸಲಾರದು. ಇನ್ನು ರೋಗಾಣುಗಳ ವಿಷಯದಲ್ಲಿ, ಸ್ಫಟಿಕದಂತೆ ತಿಳಿಯಾದ ತಣ್ಣನೆಯ ಬಾವಿನೀರಿನಲ್ಲೂ ಟೈಫಾಯ್ಡ್, ಕಾಮಾಲೆ, ವಾಂತಿಭೇದಿಯ ಸೂಕ್ಷ್ಮಜೀವಿಗಳು ಇರಬಲ್ಲವು. ಮನೆಯ ಮಕ್ಕಳಿಗೆ ಪದೇಪದೇ ಭೇದಿಯಾಗುತ್ತಿದ್ದರೆ, ರಜೆಗೆ ಬಂದ ನೆಂಟರಿಗೆ ಮಾತ್ರ ಹೊಟ್ಟೆ ಕೆಡುತ್ತಿದ್ದರೆ ಅದನ್ನು ಹವೆಯ ಮೇಲೆ ಹಾಕದೆ ಬಾವಿಯ ಕಡೆ ನೋಡಬೇಕು.

ಟಿಡಿಎಸ್ ಮೀಟರ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನೀರು ಶುದ್ಧೀಕರಣ ಯಂತ್ರ ಮಾರುವವರು ಲೋಟದಲ್ಲಿ ಪೆನ್ನಿನಂಥ ಮೀಟರ್ ಅದ್ದಿ ಒಂದು ಸಂಖ್ಯೆ ತೋರಿಸುತ್ತಾರೆ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಘನವಸ್ತುಗಳ ಒಟ್ಟು ಮೊತ್ತ. ಮೀಟರ್ ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆ ಎಂಬುದನ್ನು. ಮೊತ್ತವನ್ನು ಅದರಿಂದ ಅಂದಾಜಿಸಲಾಗುತ್ತದೆ. ಬಾಯಿ ಕಟ್ಟಿದ ಚೀಲವನ್ನು ತೂಗಿದರೆ ಎಷ್ಟು ಕಿಲೋ ಎಂದು ಗೊತ್ತಾಗುತ್ತದೆಯೇ ಹೊರತು ಒಳಗಿರುವುದು ಅಕ್ಕಿಯೋ ಗೊಬ್ಬರವೋ ಎಂದು ಗೊತ್ತಾಗದು. ಟಿಡಿಎಸ್ ಲೀಟರಿಗೆ 800 ಮಿಲಿಗ್ರಾಂ ಇರುವ ನೀರಿನಲ್ಲಿ ಬರೀ ಗಡಸು ಲವಣಗಳಿರಬಹುದು. 300 ಇರುವ ನೀರಿನಲ್ಲಿ ಅಪಾಯದ ಮಟ್ಟದ ಫ್ಲೋರೈಡ್ ಇರಬಹುದು, ಏಕೆಂದರೆ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಹೆಚ್ಚಾದರೆ ಒಟ್ಟು ಸಂಖ್ಯೆಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಕ್ಟೀರಿಯಾಗಳಂತೂ ಈ ಮೀಟರಿಗೆ ಕಾಣುವುದೇ ಇಲ್ಲ. ಒಂದು ಉಪಯೋಗ ಮಾತ್ರ ನಿಜ: ಒಂದೇ ಬಾವಿಯ ನೀರನ್ನು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ, ಉಪ್ಪು ಏರುತ್ತಿರುವುದು ರುಚಿಗೆ ತಿಳಿಯುವ ಮೊದಲೇ ತಿಳಿಯುತ್ತದೆ.

ಬಾವಿಯ ಸುತ್ತ ನಡೆದು ನೋಡುವುದು

ಪರೀಕ್ಷೆಗೆ ಮೊದಲು ಬಾವಿಯನ್ನೇ ನೋಡಬೇಕು. ಬಾವಿಕಟ್ಟೆಗೆ ಬಿರುಕು ಬಿಟ್ಟಿದೆಯೇ, ಸುತ್ತಲಿನ ಸಿಮೆಂಟ್ ನೆಲ ಬಾವಿಯ ಕಡೆಗೇ ಇಳಿಜಾರಾಗಿದೆಯೇ, ಬಟ್ಟೆ ಒಗೆದ ನೀರು ಕಟ್ಟೆಯ ಬುಡದಲ್ಲೇ ನಿಲ್ಲುತ್ತದೆಯೇ? ಮಳೆ ನಿಂತ ಮೇಲೆ ಬಾವಿಯ ಒಳಗೋಡೆಯ ಮೇಲ್ಭಾಗಕ್ಕೆ ಟಾರ್ಚ್ ಬಿಟ್ಟು ನೋಡಿದರೆ, ಬಾವಿಗೆ ಇಳಿಸಿದ ಸಿಮೆಂಟ್ ರಿಂಗುಗಳ ಸಂದಿನಿಂದ ಕಪ್ಪಗೆ ಪಾಚಿಗಟ್ಟಿ ಒಸರಿದ ಜಾಡು ಕಾಣಬಹುದು. ನೀರಿನ ಮಟ್ಟಕ್ಕಿಂತ ಬಹಳ ಮೇಲೆ, ನೆಲದಿಂದ ಒಂದೆರಡು ಮೀಟರ್ ಕೆಳಗೇ ಅಂಥ ಒಸರಿದ್ದರೆ ಅಂಗಳದ ನೀರು ಸೋಸದೆ ಒಳಗೆ ಬರುತ್ತಿದೆ ಎಂದೇ ಅರ್ಥ.

ಶೌಚಗುಂಡಿಯ ಇಂಗುವ ನೀರಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ಅಂತರ ಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಮೂವತ್ತಕ್ಕೆ ನಲವತ್ತು ಅಡಿಯ ನಗರದ ಸೈಟಿನಲ್ಲಿ ಇದು ಸಾಧ್ಯವೇ ಇಲ್ಲ. ನಮ್ಮ ಗುಂಡಿ ದೂರವಿದ್ದರೂ ಪಕ್ಕದ ಮನೆಯವರದ್ದು ನಮ್ಮ ಗೋಡೆಗೆ ಒತ್ತಿಕೊಂಡಿರಬಹುದು. ಮುರಕಲ್ಲಿನಲ್ಲಿ ತೂತು, ಕೊಳವೆಗಳು ತುಂಬಿರುವುದರಿಂದ ಅಲ್ಲಿ ಈ ಅಂತರವೂ ಭರವಸೆ ಕೊಡುವುದಿಲ್ಲ. ಕೊಳವೆಬಾವಿಯಾದರೆ ಕೇಸಿಂಗ್ ನೆಲದಿಂದ ಒಂದಡಿಯಾದರೂ ಮೇಲಿದೆಯೇ, ಬಾಯಿಗೆ ಬಿಗಿಯಾದ ಮುಚ್ಚಳವಿದೆಯೇ ಎಂದು ನೋಡಬೇಕು. ಮಳೆನೀರು ಮರುಪೂರಣದ ಹೆಸರಿನಲ್ಲಿ ಅಂಗಳದ ನೀರನ್ನು ಸೋಸದೆ ನೇರವಾಗಿ ಕೇಸಿಂಗ್‌ನೊಳಗೆ ಬಿಡುವ ರೂಢಿ ಕೆಲವೆಡೆ ಇದೆ. ಅದು ಸದುದ್ದೇಶದಿಂದ ಮಾಡುವ ದೊಡ್ಡ ತಪ್ಪು.

ಮಾದರಿ ತೆಗೆಯುವ ಕ್ರಮ

ಜಿಲ್ಲಾ ಕೇಂದ್ರಗಳಲ್ಲಿ, ಅನೇಕ ತಾಲ್ಲೂಕುಗಳಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಅಡಿಯಲ್ಲಿ ಇಂಥ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆಯಲಾಗಿದ್ದು, ಕಡಿಮೆ ಶುಲ್ಕ ತೆತ್ತು ಸ್ವಂತ ಬಾವಿಯ ನೀರನ್ನೂ ಪರೀಕ್ಷಿಸಿಕೊಳ್ಳಬಹುದು.

ರಾಸಾಯನಿಕ ಪರೀಕ್ಷೆಗೆ ಒಂದೆರಡು ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲಿ ಸಾಕು. ಪಂಪನ್ನು ಐದರಿಂದ ಹತ್ತು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತಿದ್ದ ನೀರು ಹೋದ ಮೇಲೆ, ಅದೇ ನೀರಿನಿಂದ ಬಾಟಲಿಯನ್ನು ಎರಡು ಮೂರು ಸಲ ತೊಳೆದು ಅಂಚಿನವರೆಗೆ ತುಂಬಬೇಕು. ರೋಗಾಣು ಪರೀಕ್ಷೆಯ ಕ್ರಮವೇ ಬೇರೆ. ಪ್ರಯೋಗಾಲಯದವರು ಕೊಡುವ, ಕ್ರಿಮಿರಹಿತಗೊಳಿಸಿದ ಬಾಟಲಿಯನ್ನು ತೊಳೆಯಕೂಡದು, ಮುಚ್ಚಳದ ಒಳಭಾಗವನ್ನು ಬೆರಳಿನಿಂದ ಮುಟ್ಟಕೂಡದು, ಮೇಲೆ ಸ್ವಲ್ಪ ಜಾಗ ಬಿಡಬೇಕು, ಐಸ್ ಇರುವ ಡಬ್ಬಿಯಲ್ಲಿಟ್ಟು ಸಾಧ್ಯವಾದರೆ ಆರು ಗಂಟೆಯೊಳಗೆ ತಲುಪಿಸಬೇಕು. ಬಾವಿಯ ನೀರಿನ ಜೊತೆಗೆ ಅಡುಗೆಮನೆಯ ನಲ್ಲಿಯ ನೀರನ್ನೂ ಬೇರೆ ಬಾಟಲಿಯಲ್ಲಿ ಕೊಡುವುದು ಜಾಣತನ. ಬಾವಿ ಸ್ವಚ್ಛವಿದ್ದು ಸಂಪು ಅಥವಾ ಟ್ಯಾಂಕ್ ಕೆಟ್ಟಿರುವ ಮನೆಗಳು ಕಡಿಮೆಯೇನಿಲ್ಲ.

ಪ್ರಯೋಗಾಲಯ ದೂರವಿದ್ದರೆ ಹೈಡ್ರೋಜನ್ ಸಲ್ಫೈಡ್ ಶೀಶೆ ಎಂಬ ಸರಳ ಸಾಧನವಿದೆ. 1982ರಲ್ಲಿ ಭಾರತೀಯ ವಿಜ್ಞಾನಿಗಳೇ ಪ್ರಕಟಿಸಿದ ವಿಧಾನ ಇದು. ಗುರುತು ಮಾಡಿದ ಮಟ್ಟಕ್ಕೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಮಾಲಿನ್ಯ ಸೂಚಿಸುವ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕಪ್ಪಾದರೆ ನೀರನ್ನು ಕುದಿಸದೆ ಕುಡಿಯಬಾರದು. ಕಪ್ಪಾಗದಿದ್ದರೂ ಪೂರ್ತಿ ಪರೀಕ್ಷೆಗೆ ಅದು ಬದಲಿಯಲ್ಲ.

ರೋಗಾಣು ಪರೀಕ್ಷೆಯನ್ನು ಮಳೆಗಾಲ ಶುರುವಾಗಿ ಬಾವಿ ಏರಿದ ಮೇಲೆ ಮಾಡಿಸಬೇಕು, ರಾಸಾಯನಿಕ ಪರೀಕ್ಷೆಯನ್ನು ಬೇಸಿಗೆಯ ಕೊನೆಯಲ್ಲಿ. ಎರಡೂ ದೋಷಗಳು ಹೆಚ್ಚಾಗಿ ತಲೆ ಎತ್ತುವ ಕಾಲ ಅವು.

ವರದಿಯನ್ನು ಓದುವುದು

ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊದ ಐಎಸ್ 10500 ಎಂಬ ಮಾನದಂಡವಿದೆ. ಅದರಲ್ಲಿ ಕೆಲವು ಅಂಶಗಳಿಗೆ ಎರಡು ಮಿತಿಗಳಿವೆ: ಒಂದು ಸ್ವೀಕಾರಾರ್ಹ ಮಿತಿ, ಇನ್ನೊಂದು ಬೇರೆ ನೀರು ಸಿಗದಿದ್ದಾಗ ಮಾತ್ರ ಒಪ್ಪಬಹುದಾದ ಮಿತಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಟಿಡಿಎಸ್‌ಗೆ ಇವು 500 ಮತ್ತು 2000, ಗಡಸುತನಕ್ಕೆ 200 ಮತ್ತು 600, ಉಪ್ಪನ್ನು ಸೂಚಿಸುವ ಕ್ಲೋರೈಡ್‌ಗೆ 250 ಮತ್ತು 1000, ಫ್ಲೋರೈಡ್‌ಗೆ 1 ಮತ್ತು 1.5. ನೈಟ್ರೇಟ್‌ಗೆ 45 ಎಂಬ ಒಂದೇ ಮಿತಿ, ಅದಕ್ಕೆ ಸಡಿಲಿಕೆ ಇಲ್ಲ. ನೀರು ಎಷ್ಟು ಆಮ್ಲೀಯ ಎಂಬುದನ್ನು ತೋರುವ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು. ಇ-ಕೊಲೈ ಎಂಬ, ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದು. ವರದಿಯಲ್ಲಿ ಪಿಪಿಎಂ ಎಂದಿದ್ದರೆ ಅದನ್ನು ಲೀಟರಿಗೆ ಮಿಲಿಗ್ರಾಂ ಎಂದೇ ಓದಿಕೊಳ್ಳಬಹುದು. ಗಡಸುತನ ಮಿತಿ ದಾಟಿದ್ದರೆ ಅವಸರವಿಲ್ಲ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಇ-ಕೊಲೈ ದಾಟಿದ್ದರೆ ಕುಡಿಯುವ ನೀರನ್ನು ಅಂದೇ ಬದಲಿಸಬೇಕು.

ದೋಷ ತಿಳಿದ ಮೇಲೆ

ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಆದರೆ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಅವುಗಳ ಸಾಂದ್ರತೆ ಇನ್ನಷ್ಟು ಏರುತ್ತದೆ. ಅತಿನೇರಳೆ ಬೆಳಕು ಹಾಯಿಸುವ ಯುವಿ ಯಂತ್ರವೂ ರೋಗಾಣುಗಳಿಗೆ ಮಾತ್ರ, ಅದೂ ನೀರು ತಿಳಿಯಾಗಿದ್ದಾಗ. ಕರಗಿದ ವಿಷಗಳನ್ನು ತೆಗೆಯಲು, ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಆರ್‌ಒ ಯಂತ್ರ ಅಥವಾ ಊರಿನ ಶುದ್ಧ ಕುಡಿಯುವ ನೀರಿನ ಘಟಕ ಬೇಕಾಗುತ್ತದೆ. ಆರ್‌ಒ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಆ ವಿಷಗಳು ಇನ್ನೂ ದಟ್ಟವಾಗಿರುತ್ತವೆ, ಅದನ್ನು ಬಾವಿಯ ಬುಡಕ್ಕೆ ಬಿಡಬಾರದು.

ತೆರೆದ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವಾಗ ಅಂದಾಜಿನ ಮೇಲೆ ಹಿಡಿಗಟ್ಟಲೆ ಸುರಿಯುವುದು ಸರಿಯಲ್ಲ. ದುಂಡಗಿನ ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. ಅಳತೆಗಳು ಮೀಟರಿನಲ್ಲಿರಬೇಕು. 2 ಮೀಟರ್ ವ್ಯಾಸ, 3 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 9,400 ಲೀಟರ್ ಇರುತ್ತದೆ. 1,000 ಲೀಟರಿಗೆ 2.5 ಗ್ರಾಂನಂತೆ ಅದಕ್ಕೆ 24 ಗ್ರಾಂನಷ್ಟು ಉತ್ತಮ ಗುಣಮಟ್ಟದ ಪುಡಿ ಬೇಕು. ಮೊದಲು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಮತ್ತಷ್ಟು ನೀರು ಬೆರೆಸಿ, ಸುಣ್ಣ ತಳದಲ್ಲಿ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಕೊಡಪಾನದಲ್ಲಿ ಇಳಿಸಿ, ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಕನಿಷ್ಠ ಒಂದು ಗಂಟೆ ನೀರೆತ್ತಬಾರದು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಅನುಕೂಲ. ತೇವಕ್ಕೆ ತೆರೆದಿಟ್ಟ ಹಳೆಯ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ನೆರೆ ನೀರು ಒಳನುಗ್ಗಿದ ಬಾವಿಗೆ ಈ ಪ್ರಮಾಣ ಸಾಲದು. ಅದನ್ನು ಬರಿದು ಮಾಡಿ, ಕೆಸರು ತೆಗೆದು, ಹತ್ತಿರದ ಆರೋಗ್ಯ ಕೇಂದ್ರದವರು ಹೇಳಿದ ಹೆಚ್ಚಿನ ಪ್ರಮಾಣ ಹಾಕಬೇಕಾಗುತ್ತದೆ.

ಕ್ಲೋರಿನ್ ಇಂದಿನ ರೋಗಾಣುವನ್ನು ಕೊಲ್ಲುತ್ತದೆ, ಬಿರುಕಿನಿಂದ ನಾಳೆ ಬರುವುದನ್ನು ತಡೆಯುವುದಿಲ್ಲ. ಬಾವಿಕಟ್ಟೆಯ ಬಿರುಕು, ರಿಂಗಿನ ಸಂದು, ಸೋರುವ ಗುಂಡಿ ಇವುಗಳನ್ನು ಸರಿಪಡಿಸಿ, ನೀರಿನಲ್ಲಿ ಕ್ಲೋರಿನ್ ವಾಸನೆ ಪೂರ್ತಿ ಹೋದ ಒಂದೆರಡು ವಾರಗಳ ನಂತರ ಮತ್ತೊಮ್ಮೆ ರೋಗಾಣು ಪರೀಕ್ಷೆ ಮಾಡಿಸಬೇಕು. ಆ ವರದಿಯಲ್ಲಿ ಇ-ಕೊಲೈ ಮತ್ತೆ ಕಂಡರೆ ಕೊಳೆ ಒಳಬರುವ ದಾರಿ ಇನ್ನೂ ತೆರೆದಿದೆ ಎಂದರ್ಥ, ಅದು ಸಿಗುವವರೆಗೆ ಕುಡಿಯುವ ನೀರನ್ನು ಕುದಿಸಲೇಬೇಕು.